ಕೊಡಗಿನ ಮನೆಗೆ ಭಾರತ್ ಗೃಹ ರಕ್ಷಾ ವಿಮೆ: ಮೂರು ಮಳೆಗಾಲಗಳ ಅನುಭವ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಜಾರಿದಾಗ ಮಾದಾಪುರದ ಸಮೀಪವಿರುವ ನಮ್ಮ ಮನೆಗೆ ಏನೂ ಆಗಲಿಲ್ಲ. ಆದರೆ ಮನೆ ಕಳೆದುಕೊಂಡ ನೆಂಟರ ಎರಡು ಕುಟುಂಬಗಳು ಹದಿನೇಳು ದಿನ ನಮ್ಮಲ್ಲಿಯೇ ಇದ್ದವು. ಅವರ ಜೀಪಿಗೆ ವಿಮೆಯಿತ್ತು, ಬೈಕಿಗೂ ಇತ್ತು. ಮೂವತ್ತು ವರ್ಷ ದುಡಿದು ಕಟ್ಟಿದ ಮನೆಗೆ ಇರಲಿಲ್ಲ. ಮರುವರ್ಷ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಮಣ್ಣು ಕುಸಿದ ಮೇಲೂ ನಮ್ಮ ಸುತ್ತಮುತ್ತ ಮನೆಗೆ ವಿಮೆ ಮಾಡಿಸಿದವರು ಬಹಳ ಕಡಿಮೆ. ನಾನು ಮಾಡಿಸಿ ಮೂರು ಮಳೆಗಾಲ ಕಳೆದಿವೆ, ಒಂದು ಬಾರಿ ಪರಿಹಾರವನ್ನೂ ಪಡೆದಿದ್ದೇನೆ.

ಭಾರತ್ ಗೃಹ ರಕ್ಷಾ ಒಂದೇ ಕಂಪನಿಯ ಉತ್ಪನ್ನವಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಆದೇಶದಂತೆ 2021ರ ಏಪ್ರಿಲ್ 1ರಿಂದ ಬೆಂಕಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇದನ್ನು ಒಂದೇ ಷರತ್ತುಗಳೊಂದಿಗೆ ಮಾರುತ್ತವೆ. ಆದ್ದರಿಂದ ಕಂಪನಿಗಳ ನಡುವೆ ನಾವು ಹೋಲಿಸಬೇಕಾದದ್ದು ಪ್ರೀಮಿಯಂ ಮತ್ತು ಸೇವೆಯನ್ನು ಮಾತ್ರ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ, ಕಾಡ್ಗಿಚ್ಚು, ಮನೆಯ ಮೇಲೆ ಮರ ಬೀಳುವುದು, ನೀರಿನ ಟ್ಯಾಂಕ್ ಒಡೆಯುವುದು ಇವೆಲ್ಲವೂ ಇದರಲ್ಲಿ ಸೇರಿವೆ. ವಿಮೆಯ ಮೊತ್ತವನ್ನು ಲೆಕ್ಕ ಹಾಕುವುದು ಮನೆಯ ಒಳಗಿನ ವಿಸ್ತೀರ್ಣವನ್ನು ಇಂದಿನ ನಿರ್ಮಾಣ ವೆಚ್ಚದಿಂದ ಗುಣಿಸಿ. ಜಾಗದ ಬೆಲೆಗೆ ಇಲ್ಲಿ ಸ್ಥಾನವಿಲ್ಲ. ತೋಟದ ಬೆಲೆಯನ್ನೂ ಸೇರಿಸಿ ಎಂದು ನನಗೆ ಸಲಹೆ ಕೊಟ್ಟವರಿದ್ದರು. ಅದರಿಂದ ಪ್ರೀಮಿಯಂ ಹೆಚ್ಚುತ್ತದೆಯೇ ಹೊರತು ಒಂದು ರೂಪಾಯಿಯ ಪ್ರಯೋಜನವೂ ಇಲ್ಲ. ನಮ್ಮ ಮನೆಗೆ 30 ಲಕ್ಷ ರೂಪಾಯಿ ಎಂದು ನಿಗದಿಯಾಯಿತು. ಅದರ ಶೇ. 20ರಷ್ಟು, ಎಂದರೆ 6 ಲಕ್ಷ, ಮನೆಯೊಳಗಿನ ಸಾಮಾನುಗಳಿಗೆ ತಾನಾಗಿಯೇ ಸೇರಿಕೊಂಡಿತು. ಹೀಗೆ ಸೇರುವ ಮೊತ್ತಕ್ಕೆ 10 ಲಕ್ಷದ ಮಿತಿಯಿದೆ. ವರ್ಷಕ್ಕೆ ನಾನು ಕಟ್ಟಿದ್ದು ಎರಡು ಸಾವಿರ ರೂಪಾಯಿಗಿಂತ ಕಡಿಮೆ.

ಕೊಡಗಿನವರು ಇದರಲ್ಲಿ ಎಲ್ಲಕ್ಕಿಂತ ಮೊದಲು ಓದಬೇಕಾದದ್ದು ಭೂಕುಸಿತದ ಸಾಲಿನ ಎದುರಿಗಿರುವ ವಿನಾಯಿತಿಗಳನ್ನು, ಎಂದರೆ ಪರಿಹಾರ ಸಿಗದ ಸಂದರ್ಭಗಳ ಪಟ್ಟಿಯನ್ನು. ಹೊಸ ಕಟ್ಟಡ ತಾನಾಗಿ ಕೂರುವಾಗ ಬರುವ ಬಿರುಕು, ಮಣ್ಣು ತುಂಬಿಸಿ ಮಾಡಿದ ಜಾಗದ ಕುಸಿತ, ನದಿ ದಂಡೆಯ ಕೊರೆತ, ದೋಷಪೂರಿತ ವಿನ್ಯಾಸ ಅಥವಾ ಕೆಲಸ, ನೆಲ ಅಗೆಯುವ ಕಾಮಗಾರಿ ಇವುಗಳಿಂದ ಆದ ಹಾನಿಗೆ ಪರಿಹಾರವಿಲ್ಲ. ಬಯಲುಸೀಮೆಯವರಿಗೆ ಇದು ಕಣ್ಣು ಹಾಯಿಸಿ ಬಿಡುವ ಸಾಲಾಗಿರಬಹುದು. ನಮ್ಮಲ್ಲಿ ಮನೆ ಕಟ್ಟುವ ಕ್ರಮವೇ ಗುಡ್ಡದ ಒಂದು ಬದಿಯನ್ನು ಜೆಸಿಬಿಯಿಂದ ಕಡಿದು, ಆ ಮಣ್ಣನ್ನು ಇನ್ನೊಂದು ಬದಿಗೆ ತಳ್ಳಿ ಸಮತಟ್ಟು ಮಾಡುವುದು. ಹಿಂದಿನ ಬರೆ, ಎಂದರೆ ಕಡಿದ ಗುಡ್ಡದ ನೆಟ್ಟಗಿನ ಮಣ್ಣಿನ ಗೋಡೆ, ಮಳೆಗೆ ಜಾರಿ ಮನೆಯ ಮೇಲೆ ಬಿದ್ದರೆ ಅದು ಭೂಕುಸಿತ. ಮುಂದಿನ ತುಂಬಿದ ಮಣ್ಣು ಕುಗ್ಗಿ ಜಗಲಿ ಬಿರಿದರೆ ಅದು ವಿನಾಯಿತಿಯ ಪಾಲು. ಅದೇ ಬರೆಯ ಬುಡವನ್ನು ಶೆಡ್ಡಿಗಾಗಿ ಮೇ ತಿಂಗಳಲ್ಲಿ ಅಗೆದು ಜುಲೈನಲ್ಲಿ ಅದು ಕುಸಿದರೆ, ಅಗೆತವೇ ಕಾರಣವೆಂದು ಕಂಪನಿ ವಾದಿಸಲು ಅವಕಾಶವಿದೆ. ಕಾವೇರಿ ದಂಡೆಯ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯವರಿಗೆ ಇನ್ನೊಂದು ವ್ಯತ್ಯಾಸ ಮುಖ್ಯ: ಹೊಳೆಯ ನೀರು ಮನೆಗೆ ನುಗ್ಗಿದರೆ ಪರಿಹಾರವಿದೆ, ಹೊಳೆ ದಂಡೆಯನ್ನು ಕೊರೆದು ಮನೆಯ ಅಡಿಪಾಯವನ್ನು ಒಯ್ದರೆ ಇಲ್ಲ.

ಇದಿಷ್ಟನ್ನೂ ನನಗೆ ವಿಮೆ ಮಾರಿದವರು ಹೇಳಲಿಲ್ಲ. ಮನೆಯನ್ನು ನೋಡಲು ಬರಲಿಲ್ಲ, ಬರೆಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಷರತ್ತುಗಳ ಪೂರ್ತಿ ಪುಸ್ತಿಕೆ ನಾನು ಕೇಳಿದ ಮೇಲೆ ಬಂದದ್ದು, ಅದೂ ಇಂಗ್ಲಿಷಿನಲ್ಲಿ. ಗುಡ್ಡಗಾಡು ಜಿಲ್ಲೆಯಲ್ಲಿ ಭೂಕುಸಿತದ ಹೆಸರು ಹೇಳಿಯೇ ಮಾರುವ ಪಾಲಿಸಿಯನ್ನು ಹೀಗೆ ಮಾರುವುದು ತಪ್ಪೆಂದು ನಾನು ಭಾವಿಸುತ್ತೇನೆ. ಕೊನೆಗೆ ನಾನೇ ಬರೆಯ ಎತ್ತರ, ಅದಕ್ಕೆ ಕಟ್ಟಿಸಿದ ತಡೆಗೋಡೆ, ನೀರು ಹೋಗುವ ಚರಂಡಿ ಇವುಗಳ ಫೋಟೋಗಳನ್ನು ದಿನಾಂಕದೊಂದಿಗೆ ತೆಗೆದು ಕಂಪನಿಗೆ ಇಮೇಲ್ ಮಾಡಿದೆ. ಪ್ರತಿ ವರ್ಷ ಮೇ ಕೊನೆಯಲ್ಲಿ ಹೊಸ ಫೋಟೋಗಳನ್ನು ಕಳುಹಿಸುತ್ತೇನೆ. ಮಳೆಗಾಲಕ್ಕೆ ಮೊದಲು ಮನೆ ಹೇಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಪರಿಹಾರ ಕೇಳುವ ಸಂದರ್ಭ ಬಂದದ್ದು ಎರಡನೆಯ ವರ್ಷದ ಕಕ್ಕಡದಲ್ಲಿ, ಜುಲೈ-ಆಗಸ್ಟ್‌ನ ಜಡಿಮಳೆಯ ತಿಂಗಳಲ್ಲಿ. ರಾತ್ರಿಯ ಗಾಳಿಗೆ ಅಂಚಿನ ಸಿಲ್ವರ್ ಓಕ್ ಮರವೊಂದು ಅಡುಗೆಮನೆಯ ಮೇಲೆ ಉರುಳಿ ಹಂಚು, ರೀಪು, ಎರಡು ಪಕಾಸು ಮತ್ತು ಒಳಗಿದ್ದ ಫ್ರಿಜ್ ಹಾಳಾದವು. ಬೆಳಿಗ್ಗೆಯೇ ಕಂಪನಿಯ ಉಚಿತ ಸಂಖ್ಯೆಗೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದೆ, ಎಲ್ಲ ಕೋನಗಳಿಂದ ಫೋಟೋ ತೆಗೆದ ನಂತರವೇ ಟಾರ್ಪಾಲು ಹೊದಿಸಿದೆ, ಗ್ರಾಮ ಆಡಳಿತಾಧಿಕಾರಿಯವರ ಮಹಜರಿನ ಪ್ರತಿಯನ್ನೂ ಪಡೆದುಕೊಂಡೆ. ಹಾನಿಯನ್ನು ಅಂದಾಜು ಮಾಡುವ ವಿಮಾ ಸರ್ವೇಯರ್ ಮೈಸೂರಿನಿಂದ ಬಂದದ್ದು ಆರನೆಯ ದಿನ. ಅಷ್ಟೂ ದಿನ ಟಾರ್ಪಾಲಿನ ಕೆಳಗೆ ಅಡುಗೆ ನಡೆಯಿತು. ಅವರು ವಿನಯವಂತರು, ಅಳತೆಯಲ್ಲಿ ಪ್ರಾಮಾಣಿಕರು. ಆದರೆ ಅವರ ಮೊದಲ ಲೆಕ್ಕದಲ್ಲಿ ಹಂಚು ಹಳೆಯದೆಂದು ಸವಕಳಿಯ ಹೆಸರಿನಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಕಳೆಯಲಾಗಿತ್ತು. ಈ ಪಾಲಿಸಿಯಲ್ಲಿ ಕಟ್ಟಡದ ಪರಿಹಾರ ಮರುನಿರ್ಮಾಣದ ವೆಚ್ಚದ ಆಧಾರದ ಮೇಲೆ ನಿಲ್ಲುತ್ತದೆ, ಸವಕಳಿಗೆ ಅಲ್ಲಿ ಎಡೆಯಿಲ್ಲ. ಪುಸ್ತಿಕೆಯಲ್ಲಿ ಆ ಷರತ್ತಿರುವ ಪುಟದ ಸಂಖ್ಯೆಯನ್ನು ನಮೂದಿಸಿ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆದಾಗ ಹತ್ತೊಂಬತ್ತು ದಿನಗಳಲ್ಲಿ ಲೆಕ್ಕ ಸರಿಯಾಯಿತು. ಸರಿಯಾಗದೆ ಹೋಗಿದ್ದರೆ, ಒಂದು ತಿಂಗಳು ಕಾದು ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡುವವನಿದ್ದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಾಗಿಲ್ಲ.

ಒಟ್ಟು 78,000 ರೂಪಾಯಿ ಬಂತು. ಹಾನಿಯ ಬಹುಪಾಲು ತುಂಬಿತು, ಮರ ತೆಗೆಸಿದ ಖರ್ಚು ಮಾತ್ರ ತುಂಬಲಿಲ್ಲ: ಅವಶೇಷ ತೆರವಿಗೆ ಪರಿಹಾರದ ಮೊತ್ತದ ಶೇ. 2 ಮಾತ್ರ ಸಿಗುತ್ತದೆ, ನಾನು ಕೊಯ್ಯುವವರಿಗೂ ಹೊರುವವರಿಗೂ ಕೊಟ್ಟದ್ದು ಒಂಬತ್ತು ಸಾವಿರ. ಗುಡ್ಡದ ಮಣ್ಣು ಮನೆಯೊಳಗೆ ಬಂದವರಿಗೆ ಈ ಶೇ. 2 ಯಾವ ಮೂಲೆಗೂ ಸಾಲದು.

ಕಳ್ಳತನದ ವಿಷಯದಲ್ಲಿ ಈ ವಿಮೆಯನ್ನು ನೆಚ್ಚಿ ಕೂರುವಂತಿಲ್ಲ. ಪಾಲಿಸಿ ಹೆಸರಿಸಿದ ಅವಘಡವೊಂದು ನಡೆದು, ಅದರ ಬೆನ್ನಿಗೆ ಏಳು ದಿನಗಳೊಳಗೆ ಆದ ಕಳವಿಗೆ ಮಾತ್ರ ಪರಿಹಾರವಿದೆ. ಪ್ರವಾಹದಲ್ಲಿ ಮನೆ ಬಿಟ್ಟು ಪರಿಹಾರ ಕೇಂದ್ರಕ್ಕೆ ಹೋದವರಿಗೆ ಇದು ನಿಜವಾಗಿಯೂ ಉಪಯುಕ್ತ. ಸಾಮಾನ್ಯ ದಿನಗಳ ಕನ್ನಗಳವಿಗೆ ಬೇರೆ ವಿಮೆಯೇ ಬೇಕು. ಒಡವೆಗಳನ್ನೂ ಪ್ರತ್ಯೇಕವಾಗಿ, ಒಪ್ಪಿದ ಬೆಲೆಗೆ ಸೇರಿಸಬೇಕು. ಒಟ್ಟು 5 ಲಕ್ಷದವರೆಗೆ, ಒಂದೊಂದು ವಸ್ತು 1 ಲಕ್ಷ ಮೀರದಿದ್ದರೆ ಮೌಲ್ಯಮಾಪನದ ಪತ್ರ ಬೇಡ. ಇಂದಿನ ಚಿನ್ನದ ದರದಲ್ಲಿ ಅಜ್ಜಿಯ ಕಾಲದ ಪತ್ತಾಕ್, ಜೋಮಾಲೆ, ಬೆಳ್ಳಿಯ ಪೀಚೆಕತ್ತಿ ಇರುವ ಮನೆಗಳಲ್ಲಿ ಆ ಮಿತಿ ಉಳಿಯುವುದು ಕಷ್ಟ. ನಾವು ಅವುಗಳನ್ನು ಬ್ಯಾಂಕಿನ ಲಾಕರ್‌ನಲ್ಲಿಟ್ಟು ಪುತ್ತರಿ ಹಬ್ಬಕ್ಕೆ ಮಾತ್ರ ಮನೆಗೆ ತರುತ್ತೇವೆ.

ಸಿಸಿಟಿವಿಯನ್ನೂ ಹಾಕಿಸಿದೆವು. ಕಾಫಿ ಒಣಗುವ ಜನವರಿಯಲ್ಲಿ ಕಣದ ಮೇಲೆ ಕಣ್ಣಿಡಲು ಅದು ಚೆನ್ನಾಗಿದೆ. ಆದರೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ ಇನ್ವರ್ಟರ್ ಖಾಲಿಯಾಗಿ ಕ್ಯಾಮೆರಾ ಕಣ್ಣು ಮುಚ್ಚುತ್ತದೆ, ಇಂಟರ್ನೆಟ್ ಅದಕ್ಕೂ ಮೊದಲೇ ಹೋಗಿರುತ್ತದೆ. ಸಿಡಿಲಿನ ವಿದ್ಯುತ್ತು ತಂತಿಯಲ್ಲಿ ನುಗ್ಗಿ ಸುಟ್ಟ ಆ ಯಂತ್ರಕ್ಕೂ ವಿಮೆಯಲ್ಲಿ ಪರಿಹಾರವಿಲ್ಲ. ಅದರಿಂದ ಹೊತ್ತಿದ ಬೆಂಕಿ ಬೇರೆಡೆ ಹರಡಿದರೆ ಆ ಹಾನಿಗೆ ಇದೆ. ಆದ್ದರಿಂದ ಏಪ್ರಿಲ್ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುವುದನ್ನು ನಾವು ಬಿಟ್ಟಿಲ್ಲ. ಒಳಗೆ ಪೇರಿಸಿದ ಕಾಫಿ ಚೀಲಗಳೂ ಮನೆಯ ಸಾಮಾನುಗಳ ಪಟ್ಟಿಯಲ್ಲಿ ಸೇರುವುದಿಲ್ಲ, ಅವುಗಳಿಗೆ ದಾಸ್ತಾನಿನ ವಿಮೆ ಬೇರೆ.

ಇಷ್ಟೆಲ್ಲ ಕೊರತೆಗಳ ನಡುವೆಯೂ ಪಾಲಿಸಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಅದನ್ನು ನನಗೆ ಮಾರಿದ ಸೇವೆಗೆ ಎರಡು. ಈ ಬಾರಿ ಒಂದೊಂದು ವರ್ಷದ ಬದಲು ಮೂರು ವರ್ಷಕ್ಕೆ ನವೀಕರಿಸಿದ್ದೇನೆ; ಹತ್ತು ವರ್ಷದವರೆಗೂ ಮಾಡಿಸಬಹುದು, ದೀರ್ಘಾವಧಿಯಲ್ಲಿ ಕಟ್ಟಡದ ವಿಮಾ ಮೊತ್ತ ವರ್ಷಕ್ಕೆ ಶೇ. 10ರಂತೆ ತಾನಾಗಿ ಏರುತ್ತದೆ. ಮಗಳು ಮೇಲಿನ ಎರಡು ಕೋಣೆಗಳನ್ನು ಹೋಂಸ್ಟೇ ಮಾಡಬೇಕೆಂದಿದ್ದಾಳೆ. ಇದು ವಾಸದ ಮನೆಗೆ ಮಾಡಿದ ವಿಮೆಯಾದ್ದರಿಂದ, ಮೊದಲ ಅತಿಥಿ ಬರುವ ಮೊದಲೇ ಕಂಪನಿಗೆ ಪತ್ರ ಬರೆದು ಲಿಖಿತ ಒಪ್ಪಿಗೆ ಕೇಳಿದ್ದೇನೆ. ಉತ್ತರ ಕೈಗೆ ಬರುವವರೆಗೆ ಆ ಕೋಣೆಗಳ ಬಾಗಿಲಿಗೆ ಬೀಗವಿರುತ್ತದೆ.