ಬಳ್ಳಿಯ ಸುರುಳಿ ಬಿಡಿಸಲು ಯಾವ ಸ್ಮೂದಿಂಗ್ ಒಳ್ಳೆಯದು?

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಹೊರಗೋಡೆಯಲ್ಲಿ ಕೆಳಗಡೆ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಆಮೇಲೆ ಬಳ್ಳಿಯ ಪಟ್ಟಿ. ಡಿಜಿಟಲ್ ಚಿತ್ರದಲ್ಲಿ ಬೇಡದ ಗೆರೆಗಳು ಎಲ್ಲಿ ಹುಟ್ಟುತ್ತವೆ ಅಂತ ನೋಡೋಕೆ ಈ ಬಳ್ಳಿಗಿಂತ ಒಳ್ಳೆಯ ಪರೀಕ್ಷೆ ಇಲ್ಲ. ಪ್ರತಿ ಬಾಗಿನೊಳಗೂ ಒಂದು ಸುರುಳಿ ಒಳಕ್ಕೆ ಸುತ್ತಿಕೊಂಡು ನಿಲ್ಲುತ್ತದೆ. ಕೈ ಸ್ವಲ್ಪ ನಡುಗಿದರೂ ಅಲ್ಲಿ ಕಾಣುತ್ತದೆ.

ಹಾಸನದ ಮನೆಯಲ್ಲಿ ಕೂತು, ಫೋಟೋ ಮುಂದಿಟ್ಟುಕೊಂಡು ಅದೇ ಪಟ್ಟಿಯನ್ನು ಕ್ರೀಟಾದಲ್ಲೂ ಗಿಂಪ್‌ನಲ್ಲೂ ಬಿಡಿಸಿದೆ. ಎರಡೂ ಚಿತ್ರದ ಕೆಲಸಕ್ಕೆ ಬಳಸುವ ಉಚಿತ ಸಾಫ್ಟ್‌ವೇರ್. ಕೈಯ ನಡುಕ ತಗ್ಗಿಸಿ ಗೆರೆಯನ್ನು ನಯ ಮಾಡುವ ‘ಸ್ಮೂದಿಂಗ್’ ಎರಡರಲ್ಲೂ ಇದೆ.

ಗಿಂಪ್‌ನದು ಸರಳ. ಟೂಲ್ ಆಪ್ಷನ್ಸ್‌ನಲ್ಲಿ ‘ಸ್ಮೂತ್ ಸ್ಟ್ರೋಕ್’ ಟಿಕ್ ಮಾಡಿದರೆ ಕ್ವಾಲಿಟಿ, ವೇಯ್ಟ್ ಅಂತ ಎರಡು ಸ್ಲೈಡರ್ ಬರುತ್ತವೆ. ಉದ್ದನೆಯ ಗೆರೆಗೆ ಇಷ್ಟೇ ಸಾಕು.

ಕ್ರೀಟಾದಲ್ಲಿ ಆಯ್ಕೆ ಜಾಸ್ತಿ, ಗೊಂದಲವೂ ಜಾಸ್ತಿ. ಬೇಸಿಕ್ ಸ್ಮೂದಿಂಗ್ ದಿನನಿತ್ಯದ ಸ್ಕೆಚ್‌ಗೆ ಚೆನ್ನ. ಬಳ್ಳಿಗೆ ನನಗೆ ಒಗ್ಗಿದ್ದು ವೇಯ್ಟೆಡ್. ಆದರೆ ಅದರಲ್ಲಿ ಒಂದು ಸೂಕ್ಷ್ಮ ಇದೆ. ಸುರುಳಿ ಮುಗಿಸಿ ಟ್ಯಾಬ್ಲೆಟ್‌ನಿಂದ ಪೆನ್ ಎತ್ತಿದ ಕೂಡಲೇ ಕೊನೆಯಲ್ಲಿ ಒಂದು ನೇರ ಬಾಲ ಮೂಡುತ್ತದೆ. ದುಂಡಗೆ ಸುತ್ತಿದ್ದ ಗೆರೆ ಕಡ್ಡಿಯ ಹಾಗೆ ಚಾಚಿಕೊಳ್ಳುತ್ತದೆ. ಇದು ಕೈಯ ತಪ್ಪಲ್ಲ. ‘ಸ್ಟ್ರೋಕ್ ಎಂಡಿಂಗ್’ ಅನ್ನೋ ಸೆಟ್ಟಿಂಗ್, ಪೆನ್ ಕೊನೆಗೆ ಇದ್ದ ಜಾಗಕ್ಕೆ ಗೆರೆಯನ್ನು ಮುಟ್ಟಿಸಲು ನೋಡುತ್ತದೆ, ಅದೂ ನೇರವಾಗಿ. ಅದನ್ನು ಇಳಿಸಿ, ಬಾಲ ಹೋಗುತ್ತದೆ. ಗೆರೆ ಎಷ್ಟು ನಯವಾಗಬೇಕು ಅಂತ ಹೇಳುವ ‘ಡಿಸ್ಟೆನ್ಸ್’ ಕೂಡ ಹದವಾಗಿರಲಿ. ತುಂಬ ಏರಿಸಿದರೆ ಚಿಕ್ಕ ಸುರುಳಿಗಳು ಮತ್ತಷ್ಟು ಕಿರಿದಾಗಿ, ಬಳ್ಳಿಯ ಜೀವವೇ ಹೋಗುತ್ತದೆ.

ಕ್ರೀಟಾದ ಇನ್ನೊಂದು ಸ್ಮೂದಿಂಗ್ ಆದ ಸ್ಟೆಬಿಲೈಸರ್ ಬೇರೆ ಕೆಲಸಕ್ಕೆ. ಅದರಲ್ಲಿ ‘ಡಿಲೇ’ ಹಾಕಿದರೆ ಕರ್ಸರ್ ಸುತ್ತ ಒಂದು ವೃತ್ತ ಬರುತ್ತದೆ. ಪೆನ್ ಆ ವೃತ್ತದೊಳಗೆ ಇರುವವರೆಗೂ ಬ್ರಶ್ ಅಲುಗಾಡುವುದಿಲ್ಲ. ಗುಡಿ ನಿಂತಿರುವ ನಕ್ಷತ್ರಾಕಾರದ ಕಟ್ಟೆಯ, ಅಂದರೆ ಜಗತಿಯ, ಮೂಲೆಗಳನ್ನು ಚೂಪಾಗಿ ಎಳೆಯಲು ಇದನ್ನು ಬಿಟ್ಟರೆ ಬೇರೆ ನನಗೆ ಹಿಡಿಸಲಿಲ್ಲ. ಬಳ್ಳಿಗೆ ಮಾತ್ರ ಬೇಡ, ಗೆರೆ ಕೈಯ ಹಿಂದೆ ಬಿದ್ದು ಲಯ ತಪ್ಪುತ್ತದೆ.

ಇಷ್ಟೆಲ್ಲ ಮಾಡಿದರೂ ಗೆರೆ ಶುರುವಾಗುವ ಕಡೆ ಚುಕ್ಕೆ, ಪೆನ್ ಸುಮ್ನೆ ತಾಗಿದರೂ ಕಲೆ ಬಿದ್ದರೆ? ಅದಕ್ಕೆ ಸ್ಮೂದಿಂಗ್ ಮದ್ದಲ್ಲ. ಆಗ ಪೆನ್ನಿನ ಒತ್ತಡದ ಕಡೆ ನೋಡಬೇಕು. ಕ್ರೀಟಾದ ಟ್ಯಾಬ್ಲೆಟ್ ಸೆಟ್ಟಿಂಗ್ಸ್‌ನಲ್ಲಿ ಟ್ಯಾಬ್ಲೆಟ್ ಟೆಸ್ಟರ್ ಇದೆ. ಅಲ್ಲೇ ಗೀಚಿ ನೋಡಿ. ಒತ್ತಡದ ಅಂಕಿ ಏರಿಳಿಯುತ್ತಿದೆಯಾ, ಅಥವಾ ಹಗುರಾಗಿ ಮುಟ್ಟಿದ ಕೂಡಲೇ ಮೇಲಕ್ಕೆ ಹಾರುತ್ತಾ? ಹಾರಿದರೆ ಅದೇ ಪುಟದ ಒತ್ತಡದ ಕರ್ವ್‌ನ (ಬಾಗುಗೆರೆಯ) ಎಡ ಕೆಳಗಿನ ಬಿಂದುವನ್ನು ಸ್ವಲ್ಪ ಬಲಕ್ಕೆ ಎಳೆಯಿರಿ. ಹಗುರ ಸ್ಪರ್ಶಕ್ಕೆ ಬ್ರಶ್ ಸುಮ್ಮನಿರುತ್ತದೆ. ನನ್ನ ಚುಕ್ಕೆಗಳೆಲ್ಲ ಹೋಗಿದ್ದು ಇದರಿಂದಲೇ.

ಒತ್ತಡವೇ ಬರುತ್ತಿಲ್ಲ, ಎಲ್ಲ ಗೆರೆಯೂ ಒಂದೇ ದಪ್ಪ ಅಂದರೆ ವಿಂಡೋಸ್‌ನಲ್ಲಿ ಇನ್ನೊಂದು ದಾರಿ ಇದೆ. ಪೆನ್ನಿನ ಒತ್ತಡವನ್ನು ಸಾಫ್ಟ್‌ವೇರ್‌ಗೆ ತಲುಪಿಸೋಕೆ ಅಲ್ಲಿ ವಿನ್‌ಟ್ಯಾಬ್, ವಿಂಡೋಸ್ ಇಂಕ್ ಅಂತ ಎರಡು ವಿಧಾನ ಇವೆ. ಅದೇ ಸೆಟ್ಟಿಂಗ್ಸ್‌ನಲ್ಲಿ ವಿನ್‌ಟ್ಯಾಬ್ ಇದ್ದರೆ ವಿಂಡೋಸ್ ಇಂಕ್‌ಗೆ, ಇಂಕ್ ಇದ್ದರೆ ವಿನ್‌ಟ್ಯಾಬ್‌ಗೆ ಬದಲಿಸಿ, ಕ್ರೀಟಾ ಮುಚ್ಚಿ ಮತ್ತೆ ತೆರೆಯಿರಿ. ನನ್ನ ಟ್ಯಾಬ್ಲೆಟ್‌ಗೆ ವಿನ್‌ಟ್ಯಾಬ್ ಹೊಂದಿತು. ನಿಮ್ಮದಕ್ಕೆ ಯಾವುದು ಅಂತ ಎರಡನ್ನೂ ಹಾಕಿ ನೋಡಿ, ಮೊದಲು ಸ್ಮೂದಿಂಗ್ ಆಫ್ ಮಾಡಿಕೊಂಡು.