ನಮ್ಮ ಓಣಿಯ ಆರು ಕ್ಯಾಮೆರಾಗಳು: ಒಂದು ವರ್ಷ ಬಳಸಿದ ಮೇಲೆ

ಬಳ್ಳಾರಿಯ ಕೌಲ್‌ಬಜಾರ್‌ನಲ್ಲಿರುವ ನಮ್ಮ ಓಣಿಯಲ್ಲಿ ಇಪ್ಪತ್ತೊಂಬತ್ತು ಮನೆಗಳಿವೆ. ಅವುಗಳಲ್ಲಿ ಏಳು ಮನೆಗಳ ನೆಲಮಹಡಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಘಟಕಗಳು ನಡೆಯುತ್ತವೆ. ಹಬ್ಬದ ಮುಂಚಿನ ವಾರಗಳಲ್ಲಿ ಯಂತ್ರಗಳ ಸದ್ದು ರಾತ್ರಿ ಹನ್ನೊಂದರವರೆಗೂ ಕೇಳುತ್ತದೆ, ಆ ಹೊತ್ತಿನಲ್ಲಿ ಕೆಲಸ ಬಿಟ್ಟ ಹೆಣ್ಣುಮಕ್ಕಳು ಒಬ್ಬೊಬ್ಬರೇ ಮನೆಗೆ ನಡೆದು ಹೋಗಬೇಕಾಗುತ್ತದೆ. ಎರಡು ಬೈಕುಗಳು ಕಳುವಾದ ಬಳಿಕ, 2025ರ ಯುಗಾದಿಗೆ ಮುನ್ನ, ಮನೆಗೆ 2,000 ರೂಪಾಯಿಯಂತೆ ಪಟ್ಟಿ ಹಾಕಿ ಒಟ್ಟು 58,000 ರೂಪಾಯಿಯಲ್ಲಿ ಆರು ಸಿಸಿಟಿವಿ ಕ್ಯಾಮೆರಾ, ದೃಶ್ಯಗಳನ್ನು ದಾಖಲಿಸಿಡುವ ಒಂದು ಎನ್‌ವಿಆರ್ ಯಂತ್ರ, 4 ಟಿಬಿ ಹಾರ್ಡ್ ಡಿಸ್ಕ್ ಮತ್ತು ಒಂದು ಸಣ್ಣ ಯುಪಿಎಸ್ ಅಳವಡಿಸಿಕೊಂಡೆವು. ಈ ವ್ಯವಸ್ಥೆಯ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ಒಂದು ವರ್ಷದಲ್ಲಿ ಕಂಡದ್ದನ್ನು, ಇಂಥದ್ದೇ ಏರ್ಪಾಟಿಗೆ ಹೊರಟಿರುವ ಬೇರೆ ಓಣಿಗಳವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಹಗಲಿನ ಚಿತ್ರದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಬಣ್ಣ, ಸ್ಪಷ್ಟತೆ ಎರಡೂ ತೃಪ್ತಿಕರವಾಗಿವೆ. ಬಳ್ಳಾರಿಯ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟಿದ ದಿನಗಳಲ್ಲೂ ಕ್ಯಾಮೆರಾಗಳು ಕೆಲಸ ನಿಲ್ಲಿಸಲಿಲ್ಲ. ಧೂಳು ಮಾತ್ರ ಹದಿನೈದು ದಿನಕ್ಕೊಮ್ಮೆ ಒರೆಸದಿದ್ದರೆ ಗಾಜಿನ ಮೇಲೆ ಪದರವಾಗಿ ಕೂರುತ್ತದೆ.

ಈ ವ್ಯವಸ್ಥೆಯ ನಿಜವಾದ ಪರೀಕ್ಷೆ ನಡೆದದ್ದು ಶ್ರಾವಣದ ಒಂದು ರಾತ್ರಿ, ಹೊಲಿಗೆ ಘಟಕವೊಂದರ ಮುಂದೆ ನಿಲ್ಲಿಸಿದ್ದ ಬೈಕು ಮತ್ತೆ ಕಳುವಾದಾಗ. ಬೆಳಿಗ್ಗೆ ನಾವೆಲ್ಲ ಪರದೆಯ ಮುಂದೆ ಕುಳಿತು ನೋಡಿದೆವು. ಒಬ್ಬ ವ್ಯಕ್ತಿ ಬಂದದ್ದು, ಬೀಗ ಮುರಿದದ್ದು, ಬೈಕನ್ನು ತಳ್ಳಿಕೊಂಡು ಹೋದದ್ದು ಎಲ್ಲವೂ ಅದರಲ್ಲಿತ್ತು, ಅವನ ಮುಖವೊಂದನ್ನು ಬಿಟ್ಟು. ಚಿತ್ರವನ್ನು ಹಿಗ್ಗಿಸಿದಷ್ಟೂ ಅದು ಬೂದು ಚೌಕಗಳಾಗಿ ಒಡೆಯುತ್ತ ಹೋಯಿತು. ಎರಡು ಮೆಗಾಪಿಕ್ಸೆಲ್ ಎಂದರೆ ಸಾಕಷ್ಟು ಎಂದು ನಾವು ನಂಬಿದ್ದೆವು, ಮಾರಿದವರೂ ಹಾಗೆಯೇ ಹೇಳಿದ್ದರು. ಲೆಕ್ಕ ಹಾಕಿ ನೋಡಿದ ಮೇಲೆ ತಪ್ಪು ಎಲ್ಲಿದೆ ಎಂಬುದು ತಿಳಿಯಿತು. ಎರಡು ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಚುಕ್ಕೆಗಳು. ನಮಗೆ ಹಾಕಿಕೊಟ್ಟಿದ್ದ 2.8 ಮಿಲಿಮೀಟರ್ ಮಸೂರವು ಎಂಟು ಮೀಟರ್ ದೂರದಲ್ಲಿ ಸುಮಾರು 20 ಮೀಟರ್ ಅಗಲದ ಜಾಗವನ್ನು ತೋರಿಸುತ್ತದೆ, ಅಂದರೆ ಒಂದು ಮೀಟರ್‌ಗೆ ಸಿಗುವುದು ಸುಮಾರು 96 ಚುಕ್ಕೆ ಮಾತ್ರ. ಅಪರಿಚಿತನೊಬ್ಬನ ಗುರುತು ಹಿಡಿಯಲು ಮೀಟರ್‌ಗೆ 250 ಚುಕ್ಕೆಗಳಾದರೂ ಬೇಕು ಎಂಬುದು ಈ ಕ್ಷೇತ್ರದಲ್ಲಿ ಒಪ್ಪಿತವಾದ ಅಳತೆ. ಕಳ್ಳನ ಮುಖದ ಅಗಲಕ್ಕೆ ನಮ್ಮ ಕ್ಯಾಮೆರಾ ಕೊಟ್ಟದ್ದು ಹದಿನೈದು ಚುಕ್ಕೆ. ಆಮೇಲೆ ಓಣಿಯ ಬಾಯಿಯಲ್ಲಿರುವ ಎರಡು ಕ್ಯಾಮೆರಾಗಳನ್ನು 6 ಮಿಲಿಮೀಟರ್ ಮಸೂರದವಕ್ಕೆ ಬದಲಾಯಿಸಿದೆವು; ಈಗ ಅವು ಅದೇ ದೂರದಲ್ಲಿ ಏಳೂವರೆ ಮೀಟರ್ ಅಗಲವನ್ನಷ್ಟೇ ನೋಡುತ್ತವೆ, ಆದರೆ ಒಳಗೆ ಬರುವವರ ಮುಖ ಗುರುತು ಸಿಗುವಂತೆ ದಾಖಲಾಗುತ್ತದೆ. ಅಂಗಡಿಯಲ್ಲಿ ಯಾರೂ ಈ ಲೆಕ್ಕವನ್ನು ತಾವಾಗಿ ಹೇಳುವುದಿಲ್ಲ. ಕೊಳ್ಳುವ ಮುನ್ನ ಓಣಿಯ ಅಗಲವನ್ನು ಟೇಪು ಹಿಡಿದು ಅಳೆದುಕೊಂಡು ಹೋಗಿ ಎಂದು ನಾನು ಒತ್ತಿ ಹೇಳುತ್ತೇನೆ.

ಅದೇ ರಾತ್ರಿಯ ದೃಶ್ಯದಲ್ಲಿ ಇನ್ನೊಂದು ವಿಷಯ ನಮ್ಮನ್ನು ದಾರಿ ತಪ್ಪಿಸಿತು. ಕಳ್ಳ ಬಿಳಿ ಪ್ಯಾಂಟು ತೊಟ್ಟಿದ್ದಾನೆ ಎಂದು ನಾವು ಠಾಣೆಯಲ್ಲಿ ಬರೆಸಿದೆವು. ಕತ್ತಲಲ್ಲಿ ಕ್ಯಾಮೆರಾ ಅತಿಗೆಂಪು ಬೆಳಕಿನಲ್ಲಿ ನೋಡುತ್ತದೆ, ಮತ್ತು ಜೀನ್ಸ್‌ಗೆ ಹಾಕುವ ನೀಲಿ ಬಣ್ಣ ಆ ಬೆಳಕನ್ನು ಹೀರಿಕೊಳ್ಳದೆ ಹಿಂದಕ್ಕೆ ಕಳುಹಿಸುವುದರಿಂದ ಕಡುನೀಲಿ ಜೀನ್ಸ್ ಕೂಡ ಪರದೆಯ ಮೇಲೆ ಬೆಳ್ಳಗೆ ಕಾಣುತ್ತದೆ. ನಮ್ಮ ಘಟಕದ ಹೊಸ ಪ್ಯಾಂಟೊಂದನ್ನು ರಾತ್ರಿ ಕ್ಯಾಮೆರಾದ ಮುಂದೆ ಹಿಡಿದು ಇದನ್ನು ಖಚಿತಪಡಿಸಿಕೊಂಡೆವು. ಜೀನ್ಸ್ ಹೊಲಿದೇ ಬದುಕುವ ಊರಿನಲ್ಲಿ, ರಾತ್ರಿಯ ಚಿತ್ರದ ಬಟ್ಟೆಯ ಬಣ್ಣವನ್ನು ನೆಚ್ಚಿ ಯಾರ ಮೇಲೂ ಅನುಮಾನಪಡಬಾರದು ಎಂಬ ಮಾತನ್ನು ಅಂದಿನಿಂದ ಎಲ್ಲರಿಗೂ ಹೇಳುತ್ತ ಬಂದಿದ್ದೇನೆ, ಏಕೆಂದರೆ ತಪ್ಪು ಗುರುತಿನಿಂದ ಒಬ್ಬ ಅಮಾಯಕ ಹುಡುಗ ಠಾಣೆ ಹತ್ತುವಂತಾದರೆ ಆ ಹೊಣೆ ನಮ್ಮದೇ ಆಗುತ್ತದೆ.

ಎನ್‌ವಿಆರ್‌ನ ಗಡಿಯಾರ ನಲವತ್ತು ನಿಮಿಷ ಹಿಂದಿತ್ತು ಎಂಬುದೂ ಆಗಲೇ ಬೆಳಕಿಗೆ ಬಂತು. ಅಳವಡಿಸಿದವರು ಅದನ್ನು ಇಂಟರ್ನೆಟ್ ಸಮಯಕ್ಕೆ ಜೋಡಿಸಿರಲಿಲ್ಲ; ಮುಖ್ಯರಸ್ತೆಯ ಅಂಗಡಿಯ ದೃಶ್ಯಗಳೊಂದಿಗೆ ನಮ್ಮದನ್ನು ತಾಳೆ ಹಾಕಲು ಪೊಲೀಸರು ಅರ್ಧ ದಿನ ಕಳೆಯಬೇಕಾಯಿತು. ಆ ಬೈಕು ಇವತ್ತಿಗೂ ಸಿಕ್ಕಿಲ್ಲ. ಇನ್ನೂ ಚಿಂತೆಗೀಡುಮಾಡಿದ ಸಂಗತಿಯೆಂದರೆ, ಯಂತ್ರದ ಪಾಸ್‌ವರ್ಡ್ ಕಾರ್ಖಾನೆಯಿಂದ ಬಂದದ್ದೇ ಆಗಿತ್ತು. ಬದಲಾಯಿಸದ ಇಂಥ ಪಾಸ್‌ವರ್ಡ್‌ಗಳ ಮೂಲಕವೇ 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ ಮತ್ತಿತರ ಉಪಕರಣಗಳನ್ನು ವಶಮಾಡಿಕೊಂಡಿತ್ತು. ಮನೆಯ ಹೆಣ್ಣುಮಕ್ಕಳು ಎಷ್ಟು ಹೊತ್ತಿಗೆ ಹೋಗಿ ಬರುತ್ತಾರೆ ಎಂಬುದನ್ನು ದಾಖಲಿಸುವ ಯಂತ್ರದ ಬಾಗಿಲನ್ನು ಐದು ತಿಂಗಳು ತೆರೆದಿಟ್ಟಿದ್ದೆವಲ್ಲ ಎಂದು ನೆನೆದರೆ ಈಗಲೂ ಮನಸ್ಸಿಗೆ ನೋವಾಗುತ್ತದೆ. 2025ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಸಿಸಿಟಿವಿ ಕ್ಯಾಮೆರಾಗಳು ಸರ್ಕಾರ ಗೊತ್ತುಪಡಿಸಿದ ಭದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು ಎಂಬ ನಿಯಮ ಜಾರಿಗೆ ಬಂದಿದೆ. ಹೊಸದಾಗಿ ಕೊಳ್ಳುವವರು ಆ ಪ್ರಮಾಣಪತ್ರವನ್ನು ಕೇಳಿ ನೋಡಬೇಕು.

ದಾಖಲೆ ಎಷ್ಟು ದಿನ ಉಳಿಯಬೇಕು ಎಂಬ ವಿಷಯದಲ್ಲಿ ಮಾತ್ರ ನಮ್ಮ ಆಯ್ಕೆ ಸರಿಯಾಗಿತ್ತು. ಒಂದೇ ಹೊತ್ತಿಗೆ 100 ಜನ ಅಥವಾ ದಿನಕ್ಕೆ 500 ಜನ ಸೇರುವ ಸಂಸ್ಥೆಗಳು ಕ್ಯಾಮೆರಾ ಅಳವಡಿಸಿ 30 ದಿನದ ದೃಶ್ಯಗಳನ್ನು ಕಾಪಾಡಬೇಕೆಂದು 2017ರ ಕರ್ನಾಟಕ ಸಾರ್ವಜನಿಕ ಸುರಕ್ಷತಾ ಕ್ರಮಗಳ ಜಾರಿ ಕಾಯ್ದೆ ಹೇಳುತ್ತದೆ. ಓಣಿಗೆ ಅದು ಅನ್ವಯಿಸದಿದ್ದರೂ ನಾವು ಅದನ್ನೇ ಅಳತೆಯಾಗಿ ಇಟ್ಟುಕೊಂಡೆವು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್‌ನಂತೆ ದಾಖಲಿಸಿದರೆ ದಿನಕ್ಕೆ ಸುಮಾರು 21.6 ಜಿಬಿ ಆಗುತ್ತದೆ, ಆರಕ್ಕೆ 130 ಜಿಬಿ, ಹೀಗೆ 4 ಟಿಬಿಯಲ್ಲಿ ಮೂವತ್ತು ದಿನ ಹಿಡಿಯುತ್ತದೆ. ದೃಶ್ಯವನ್ನು ನ್ಯಾಯಾಲಯಕ್ಕೆ ಸಾಕ್ಷ್ಯವಾಗಿ ಒಪ್ಪಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಜೊತೆಗಿರಬೇಕು. ಮೊಬೈಲಿನಲ್ಲಿ ಪರದೆಯ ಚಿತ್ರ ತೆಗೆದು ವಾಟ್ಸ್‌ಆಪ್‌ನಲ್ಲಿ ಹಂಚಿದರೆ ಸಾಕು ಎಂಬ ತಿಳಿವಳಿಕೆ ಸರಿಯಲ್ಲ.

ನಾಲ್ಕನೇ ಕ್ಯಾಮೆರಾದ ಬಗ್ಗೆ ಮೊದಲ ವಾರವೇ ಆಕ್ಷೇಪ ಬಂದಿತ್ತು. ಸಂಜೆ ಕಟ್ಟೆಯ ಮೇಲೆ ಕೂರುವ ಹಿರಿಯಮ್ಮ ನನ್ನನ್ನು ಕರೆದು, "ಯಪ್ಪಾ, ಅದು ನಮ್ ಬಾಗ್ಲಾ ಕಡಿಗೇ ನೋಡಾಕತ್ತೈತಲ್ಲ, ಒಳಗ ಹೊರಗ ಅಡ್ಡಾಡೋದು ಹೆಂಗ?" ಎಂದು ಕೇಳಿದರು. ಅವರ ಮಾತು ನೂರಕ್ಕೆ ನೂರು ನ್ಯಾಯವಾಗಿತ್ತು. ಖಾಸಗಿತನವು ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತ ಮೊಕದ್ದಮೆಯನ್ನು ಹೂಡಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಕ್ಯಾಮೆರಾದ ಸೆಟ್ಟಿಂಗ್‌ನಲ್ಲಿ ಚಿತ್ರದ ಒಂದು ಭಾಗವನ್ನು ಕಪ್ಪಾಗಿಸುವ ಸೌಲಭ್ಯವಿದೆ, ಅದನ್ನು ಬಳಸಿ ಆ ಬಾಗಿಲನ್ನೂ ಇನ್ನೆರಡು ಮನೆಗಳ ಕಿಟಕಿಗಳನ್ನೂ ಮರೆಮಾಡಿದೆವು. ದೃಶ್ಯ ನೋಡಬೇಕಾದರೆ ಇಬ್ಬರು ಜೊತೆಗಿರಬೇಕು, ಕಾರಣವನ್ನು ಪುಸ್ತಕದಲ್ಲಿ ಬರೆಯಬೇಕು ಎಂಬ ನಿಯಮವನ್ನೂ ಮಾಡಿಕೊಂಡೆವು.

ಈ ಏರ್ಪಾಟು ತನ್ನ ಬೆಲೆಯನ್ನು ನನ್ನ ಕಣ್ಣ ಮುಂದೆ ತೀರಿಸಿದ್ದು ಕಾರ್ತಿಕದ ಒಂದು ನಸುಕಿನಲ್ಲಿ. ನೆನಪು ಕುಂದಿದ ಹಿರಿಯರೊಬ್ಬರು ಯಾರಿಗೂ ತಿಳಿಯದೆ ಮನೆಯಿಂದ ಹೊರಟುಹೋಗಿದ್ದರು. ಮನೆಯವರು 112ಕ್ಕೆ ಕರೆ ಮಾಡುತ್ತಿದ್ದಾಗಲೇ ನಾವು ದೃಶ್ಯ ತಿರುಗಿಸಿ ನೋಡಿದೆವು: 5 ಗಂಟೆ 12 ನಿಮಿಷಕ್ಕೆ ಅವರು ಎಡಕ್ಕೆ ಹೊರಳಿದ್ದರು, ಹೆಗಲ ಮೇಲೆ ಟವೆಲ್ ಇತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಷ್ಟನ್ನು ಫೋನಿನಲ್ಲೇ ತಿಳಿಸಿದೆವು. ಒಂದೂವರೆ ಗಂಟೆಯೊಳಗೆ ಅವರು ರೈಲು ನಿಲ್ದಾಣದ ರಸ್ತೆಯಲ್ಲಿ ಚಹಾ ಅಂಗಡಿಯೊಂದರ ಮುಂದೆ ಕುಳಿತಿದ್ದದ್ದು ಸಿಕ್ಕಿತು. ಗಡಿಯಾರ ಸರಿಪಡಿಸಿರದಿದ್ದರೆ ನಾವು ಹೇಳುವ ಹೊತ್ತೇ ತಪ್ಪಾಗುತ್ತಿತ್ತು.

ರಾತ್ರಿ ನಡೆದು ಹೋಗುವ ಹೆಣ್ಣುಮಕ್ಕಳನ್ನು ಕೇಳಿದರೆ, ತಮಗೆ ಧೈರ್ಯ ತಂದದ್ದು ಕ್ಯಾಮೆರಾಕ್ಕಿಂತ ಅದರ ಜೊತೆಗೆ ಹಾಕಿಸಿದ ಎರಡು ಎಲ್‌ಇಡಿ ದೀಪಗಳು ಎನ್ನುತ್ತಾರೆ. ದೀಪ ಬಂದ ಮೇಲೆ ಆ ಭಾಗದಲ್ಲಿ ರಾತ್ರಿಯ ಚಿತ್ರವೂ ಬಣ್ಣದಲ್ಲೇ ಮೂಡುತ್ತಿದೆ. ಮೊದಲೇ ಗೊತ್ತಿದ್ದರೆ ಆರರ ಬದಲು ನಾಲ್ಕು ಕ್ಯಾಮೆರಾ ಕೊಂಡು ಉಳಿದ ಹಣವನ್ನು ದೀಪಗಳಿಗೂ ದೊಡ್ಡ ಯುಪಿಎಸ್‌ಗೂ ಹಾಕುತ್ತಿದ್ದೆವು; ಈಗಿರುವ ಯುಪಿಎಸ್ ಕರೆಂಟ್ ಹೋದ ಮೇಲೆ ನಲವತ್ತು ನಿಮಿಷಕ್ಕಿಂತ ಹೆಚ್ಚು ತಡೆಯುವುದಿಲ್ಲ. ಈ ಬಾರಿಯ ಪಟ್ಟಿಯ ಹಣದಲ್ಲಿ ಮೊದಲು ಬ್ಯಾಟರಿ ಬದಲಾಗಲಿದೆ, ಆಮೇಲೆ ಬಾವಿಕಟ್ಟೆಯ ತಿರುವಿಗೆ ಮೂರನೆಯ ದೀಪ ಬರಲಿದೆ.