ಬಿಯಾಂಕಳಿಗಾಗಿ ಮೂರು ವೇಷಗಳು

ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’ ಎಂದೊಡನೆ ಎಲ್ಲರೂ ಕ್ಯಾಥರಿನಾ ಮತ್ತು ಪೆಟ್ರೂಕಿಯೊ ಜೋಡಿಯನ್ನು ನೆನೆಯುತ್ತಾರೆ. ಆದರೆ ನಮ್ಮ ಹವ್ಯಾಸಿ ತಂಡದ ನಾಟಕವಾಚನಗಳಲ್ಲಿ ನನ್ನ ಪಾಲಿಗೆ ಬೇರೆ ಬೇರೆ ಸಲ ಬಂದದ್ದು ಅವಳ ತಂಗಿ ಬಿಯಾಂಕಳ ಸುತ್ತ ವೇಷ ಹಾಕಿ ಸುಳಿಯುವವರ ಪಾತ್ರಗಳು. ಹಿರಿಯಳ ಮದುವೆಯಾಗದೆ ಕಿರಿಯಳನ್ನು ಕೊಡುವುದಿಲ್ಲವೆಂದು ಪಡುವಾ ಪಟ್ಟಣದ ಸಿರಿವಂತ ಬ್ಯಾಪ್ಟಿಸ್ಟಾ ಹಟ ಹಿಡಿದು, ಪಾಠ ಹೇಳುವವರಿಗೆ ಮಾತ್ರ ಮನೆಯ ಬಾಗಿಲು ತೆರೆಯುತ್ತಾನೆ. ವೇಷಗಳೆಲ್ಲ ಹುಟ್ಟುವುದು ಈ ಷರತ್ತಿನಿಂದ. ಲುಸೆಂಟಿಯೊ ಕ್ಯಾಂಬಿಯೊ ಎಂಬ ಲ್ಯಾಟಿನ್ ಪಂಡಿತನಾಗುತ್ತಾನೆ, ಹೊರ್ಟೆನ್ಸಿಯೊ ಲಿಸಿಯೊ ಎಂಬ ಸಂಗೀತದ ಮೇಷ್ಟರಾಗುತ್ತಾನೆ, ಲುಸೆಂಟಿಯೊನ ಸೇವಕ ಟ್ರಾನಿಯೊ ಒಡೆಯನ ಉಡುಪು ತೊಟ್ಟು ಒಡೆಯನೇ ಆಗಿಬಿಡುತ್ತಾನೆ. ಅವಳನ್ನೇ ಬಯಸುವ ಮುದುಕ ಗ್ರೆಮಿಯೊಗೆ ಮಾತ್ರ ವೇಷವಿಲ್ಲ. ತನ್ನ ಪರವಾಗಿ ಮಾತಾಡಲಿ ಎಂದು ಕ್ಯಾಂಬಿಯೊನನ್ನು ಆ ಮನೆಗೆ ಕರೆತಂದು ಸೇರಿಸುವ ಪುಣ್ಯಾತ್ಮ ಅವನೇ.

ಮೂರನೆಯ ಅಂಕದ ಮೊದಲ ದೃಶ್ಯದಲ್ಲಿ ಇಬ್ಬರು ಮೇಷ್ಟರೂ ಒಟ್ಟಿಗೆ ಸಿಗುತ್ತಾರೆ. ಲುಸೆಂಟಿಯೊ ಓವಿಡ್ ಕವಿಯ ಎರಡು ಸಾಲುಗಳನ್ನು ಹಿಡಿದು, ಅರ್ಥ ಬಿಡಿಸುವ ನೆಪದಲ್ಲಿ, ಒಂದೊಂದು ಲ್ಯಾಟಿನ್ ತುಣುಕಿನ ಬೆನ್ನಿಗೆ ತನ್ನ ಹೆಸರು, ತಂದೆಯ ಹೆಸರು, ಬಂದ ಉದ್ದೇಶ ಇವನ್ನೆಲ್ಲ ಪಿಸುಗುಟ್ಟುತ್ತಾನೆ. ಮನಸ್ಸಿನಲ್ಲಿ ಓದಿಕೊಂಡಾಗ ಸುಲಭವೆನಿಸಿದ ಈ ಭಾಗವನ್ನು ಬಾಯಿಬಿಟ್ಟು ಹೇಳುವಾಗ, ಲ್ಯಾಟಿನ್ನಿಗೆ ಎದುರಾಳಿಗೂ ಕೇಳುವ ಗಟ್ಟಿ ದನಿ, ಪ್ರೇಮಕ್ಕೆ ತಗ್ಗಿದ ದನಿ ಎಂದು ತುಣುಕು ತುಣುಕಿಗೂ ಬದಲಿಸಬೇಕಾಗುತ್ತದೆ. ಬಿಯಾಂಕಾ ಅದೇ ಸಾಲುಗಳನ್ನು ಬಿಡಿಸುತ್ತ, ನಿನ್ನನ್ನು ನಂಬಲಾರೆ, ಅವನಿಗೆ ಕೇಳಿಸದಂತೆ ನೋಡಿಕೋ, ಆದರೂ ನಿರಾಶನಾಗಬೇಡ ಎಂಬರ್ಥದ ಉತ್ತರ ಕೊಡುತ್ತಾಳೆ. ಅವಳು ಮಾತಾಡಲು ಎಡೆಯಿಟ್ಟಿರುವುದೇ ಈ ವೇಷದ ಬಲವೆಂದು ನನಗೆ ತೋರುತ್ತದೆ.

ಹೊರ್ಟೆನ್ಸಿಯೊನದೂ ಅದೇ ಉಪಾಯ. ಆದರೆ ಅವನು ಸ್ವರಶ್ರೇಣಿಯ ಒಂದೊಂದು ಸ್ವರಕ್ಕೂ ಒಂದೊಂದು ಪ್ರೇಮವಾಕ್ಯ ಜೋಡಿಸಿ ಬರೆದು ತಂದು, ಓದಿಕೋ ಎಂದು ಅವಳ ಕೈಗಿಡುತ್ತಾನೆ. ಹಳೆಯ ಕ್ರಮವೇ ತನಗಿಷ್ಟವೆಂದು ಅವಳು ಅದನ್ನು ತಳ್ಳಿಹಾಕಿದಾಗ ಅವನಿಗೆ ಮುಂದಿನ ದಾರಿಯೇ ಉಳಿಯುವುದಿಲ್ಲ. ಇಷ್ಟಾದರೂ ಸಭಿಕರ ನಗು ಹೆಚ್ಚು ಸಿಕ್ಕಿದ್ದು ನನಗೆ ಈ ಪಾತ್ರದಲ್ಲಿಯೇ: ಕ್ಯಾಥರಿನಾ ಅವನ ತಲೆಯ ಮೇಲೆ ಲ್ಯೂಟ್ ವಾದ್ಯವನ್ನು ಒಡೆದ ಮೇಲೆ ಅವನು ಒಳಗೆ ಬರುವ ರೀತಿಗೇ ಜನ ನಗುತ್ತಾರೆ, ಮಾತು ಅಷ್ಟಾಗಿ ಬೇಕಾಗುವುದಿಲ್ಲ.

ಟ್ರಾನಿಯೊನ ವೇಷ ಬೇರೆಯೇ ಜಾತಿಯದು, ಏಕೆಂದರೆ ಅದು ಹುಡುಗಿಯ ಕಡೆಗೆ ತಿರುಗಿದ್ದಲ್ಲ, ತಂದೆಯ ಕಡೆಗೆ ತಿರುಗಿದ್ದು. ಹೆಚ್ಚು ಆಸ್ತಿ ಬರೆದುಕೊಡುವವನಿಗೇ ಬಿಯಾಂಕಾ ಎಂದು ಬ್ಯಾಪ್ಟಿಸ್ಟಾ ಹೇಳಿದಾಗ, ಗ್ರೆಮಿಯೊ ತನ್ನ 100 ಕರೆಯುವ ಹಸುಗಳನ್ನೂ 120 ಕೊಬ್ಬಿದ ಎತ್ತುಗಳನ್ನೂ ಎಣಿಸುತ್ತಾನೆ. ಕೈಯಲ್ಲಿ ಕಾಸಿಲ್ಲದ ಟ್ರಾನಿಯೊ ಪೀಸಾದ ಮನೆಗಳು, ವರ್ಷಕ್ಕೆ 2,000 ಡುಕಾಟ್ ಹುಟ್ಟುವಳಿಯ ಜಮೀನು, ಸಾಲು ಸಾಲು ಹಡಗುಗಳು ಎಂದು ಏರಿಸುತ್ತಲೇ ಹೋಗುತ್ತಾನೆ. ಈ ಹರಾಜಿನಲ್ಲಿ ದನಿ ಎಲ್ಲಿಯೂ ಸೇವಕನದಾಗಕೂಡದು, ಆದರೆ ಒಳಗಿನ ಸೇವಕ ಖುಷಿಪಡುತ್ತಿರುವುದು ಕೇಳುಗರಿಗೆ ತಿಳಿಯಬೇಕು; ನಾನು ಓದಿದ ಮೂರರಲ್ಲಿ ಅತ್ಯಂತ ಕಠಿಣವಾದದ್ದು ಇದೇ. ಕೊಟ್ಟ ಮಾತಿಗೆ ತಂದೆಯ ಒಪ್ಪಿಗೆ ಬೇಕೆಂದಾಗ ಅವನು ದಾರಿಹೋಕ ಪಂಡಿತನೊಬ್ಬನಿಗೆ ಲುಸೆಂಟಿಯೊನ ತಂದೆ ವಿನ್ಸೆಂಟಿಯೊನ ವೇಷ ತೊಡಿಸುತ್ತಾನೆ, ನಿಜವಾದ ವಿನ್ಸೆಂಟಿಯೊ ಬಂದಾಗ ಅವನನ್ನೇ ಸೆರೆಮನೆಗೆ ತಳ್ಳಲು ಹೊರಡುತ್ತಾನೆ. ಅಷ್ಟರಲ್ಲಿ ಗುಟ್ಟಾಗಿ ಮದುವೆಯಾದ ಲುಸೆಂಟಿಯೊ ಬಂದು ತಂದೆಯ ಮುಂದೆ ಮಂಡಿಯೂರುತ್ತಾನೆ, ಸೇವಕ ಕಾಲಿಗೆ ಬುದ್ಧಿ ಹೇಳುತ್ತಾನೆ.

ಹೊಸದಾಗಿ ವಾಚನಕ್ಕೆ ಬರುವವರಿಗೆ ನಾನು ಹೊರ್ಟೆನ್ಸಿಯೊನನ್ನು ಕೊಡುತ್ತೇನೆ, ದನಿಯ ಹತೋಟಿ ಕಲಿಯಬೇಕೆನ್ನುವವರಿಗೆ ಲುಸೆಂಟಿಯೊನನ್ನು. ನನಗೇ ಆಯ್ಕೆ ಸಿಕ್ಕರೆ ಟ್ರಾನಿಯೊನನ್ನು ಬಿಟ್ಟುಕೊಡುವುದಿಲ್ಲ.